ಬೂದಿಯಾಗುವ ಮುನ್ನ: ತೋಟದ ಇದ್ದಿಲು, ಮಣ್ಣಿನ ಇಂಗಾಲ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ತೋಟದ ಮನೆಗಳಲ್ಲಿ ಬೆಂಕಿಗೆ ಬಿಡುವಿಲ್ಲ. ಬಚ್ಚಲೊಲೆಯ ಹಂಡೆಯಡಿ ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ ಉರಿಯುತ್ತವೆ. ಚಾಲಿ ಅಡಿಕೆ ಸುಲಿದ ಮೇಲೆ ಅಂಗಳದ ಬದಿಯಲ್ಲಿ ರಾಶಿ ಬೀಳುವ ಸಿಪ್ಪೆಯಲ್ಲೂ ದೊಡ್ಡ ಪಾಲು ಒಲೆಗೇ ಹೋಗುತ್ತದೆ. ಗಿಡ ವರ್ಷವಿಡೀ ಗಾಳಿಯಿಂದ ಹೀರಿಕೊಂಡ ಇಂಗಾಲ ಕೆಲವೇ ನಿಮಿಷಗಳಲ್ಲಿ ಹೊಗೆಯ ಜೊತೆ ಮತ್ತೆ ಗಾಳಿ ಸೇರುತ್ತದೆ. ಇದೇ ಉರಿಯನ್ನು ಕೆಂಡದ ಹಂತದಲ್ಲಿ ನಿಲ್ಲಿಸಿದರೆ ಆ ಇಂಗಾಲದ ಒಂದು ಪಾಲು ಇದ್ದಿಲಾಗಿ ಉಳಿಯುತ್ತದೆ. ಮಣ್ಣಿಗೆ ಸೇರಿಸಲೆಂದು ಮಾಡಿದ ಇಂಥ ಇದ್ದಿಲೇ ಬಯೋಚಾರ್.

ಇದ್ದಿಲು ಏಕೆ ಕೊಳೆಯುವುದಿಲ್ಲ?

ಗಾಳಿ ಸಾಲದ ಜಾಗದಲ್ಲಿ 400ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದಾಗ ಸಸ್ಯದೊಳಗಿನ ನೀರು, ಅನಿಲಗಳು ಹೊರಬೀಳುತ್ತವೆ. ಉಳಿದ ಇಂಗಾಲದ ಪರಮಾಣುಗಳು ಉಂಗುರದಂತೆ ಬಿಗಿಯಾಗಿ ಬೆಸೆದುಕೊಳ್ಳುತ್ತವೆ. ಇವನ್ನು ಒಡೆದು ತಿನ್ನುವುದು ಸೂಕ್ಷ್ಮಜೀವಿಗಳಿಗೆ ಸುಲಭವಲ್ಲ. ತರಗೆಲೆ ಒಂದೆರಡು ಮಳೆಗಾಲದಲ್ಲಿ ಕರಗಿ ಹೋದರೆ, ಚೆನ್ನಾಗಿ ಬೆಂದ ಇದ್ದಿಲಿನ ಬಹುಪಾಲು ನೂರಾರು ವರ್ಷ ಮಣ್ಣಿನಲ್ಲಿ ಇರುತ್ತದೆ. ಅಮೆಜಾನ್ ಕಾಡಿನ ಮೂಲನಿವಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಮಣ್ಣಿಗೆ ಸೇರಿಸಿದ ಇದ್ದಿಲು ಇಂದಿಗೂ ಅಲ್ಲಿನ ಕಪ್ಪು ಮಣ್ಣಿನಲ್ಲಿದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2018ರ ವರದಿ, ಗಾಳಿಯಿಂದ ಇಂಗಾಲವನ್ನು ಹಿಂದಕ್ಕೆ ಪಡೆಯುವ ದಾರಿಗಳಲ್ಲಿ ಬಯೋಚಾರನ್ನೂ ಸೇರಿಸಿತು.

ಲೆಕ್ಕ ಸರಳವಾಗಿದೆ. 1 ಕಿಲೋ ಒಣ ಇದ್ದಿಲಿನಲ್ಲಿ ಸುಮಾರು 700 ಗ್ರಾಂ ಇಂಗಾಲ ಇರುತ್ತದೆ. ಅದು ಉರಿದರೆ ಸುಮಾರು 2.5 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ನಿಧಾನವಾಗಿ ಕರಗುವ ಪಾಲನ್ನು ಕಳೆದು 2 ಕಿಲೋ ಎಂದೇ ಇಟ್ಟುಕೊಳ್ಳೋಣ. 14.2 ಕಿಲೋ ಅಡುಗೆ ಅನಿಲದ ಒಂದು ಸಿಲಿಂಡರ್ ಉರಿದಾಗ ಸುಮಾರು 42 ಕಿಲೋ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ 21 ಕಿಲೋ ಇದ್ದಿಲು ಮಣ್ಣು ಸೇರಿದರೆ ಒಂದು ಸಿಲಿಂಡರಿನ ಲೆಕ್ಕ ಚುಕ್ತಾ. ಬಚ್ಚಲೊಲೆಯಿಂದ ದಿನಕ್ಕೆ ಅರ್ಧ ಕಿಲೋ ಸಿಕ್ಕರೂ ವರ್ಷಕ್ಕೆ 180 ಕಿಲೋ ದಾಟುತ್ತದೆ. ಎಂಟು ಸಿಲಿಂಡರಿಗೂ ಮೇಲೆ.

ಕೆಂಪು ಮಣ್ಣಿಗೆ ಆಸರೆ

ಈ ಮೂರೂ ತಾಲೂಕುಗಳದು ಮುರಕಲ್ಲಿನ ಹುಳಿ ಮಣ್ಣು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಸುರಿಯುವ ಮಳೆ ಪೊಟ್ಯಾಷ್, ಸುಣ್ಣದಂಥ ಪೋಷಕಾಂಶಗಳನ್ನು ತೊಳೆದು ತೋಡಿಗೆ ಒಯ್ಯುತ್ತದೆ. ಒಲೆಯ ಬೂದಿಯನ್ನು ಬುಡಕ್ಕೆ ಹಾಕಿದರೂ ಅದರ ಸಾರ ಬೇಗ ಹರಿದು ಹೋಗುತ್ತದೆ. ಇದ್ದಿಲಿನ ಸೂಕ್ಷ್ಮ ರಂಧ್ರಗಳು ನೀರನ್ನೂ ಗೊಬ್ಬರದ ಸಾರವನ್ನೂ ಹಿಡಿದಿಡುತ್ತವೆ. ಅದರ ಕ್ಷಾರ ಗುಣ ಹುಳಿಯನ್ನು ತಗ್ಗಿಸುತ್ತದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನೆ ನಡೆಯುತ್ತಿದೆ. ಇಂದು ಆ ಕೇಂದ್ರ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಗೆ ಸೇರಿದೆ. ತೆಂಗಿನ ತೋಟದ ಉಳಿಕೆಗಳಿಂದ ಬಯೋಚಾರ್ ಮಾಡಿ, ಮಣ್ಣಿನ ಮೇಲೆ ಅದರ ಪರಿಣಾಮವನ್ನು ಈ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ.

ನಮ್ಮ ಹಿರಿಯರ ಸುಡುಮಣ್ಣೂ ಇದರ ಹತ್ತಿರದ ನಂಟೇ. ತರಗೆಲೆ, ಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಬೆಂಕಿ ಕೊಟ್ಟರೆ ಅದು ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಬಸಳೆ, ಅಲಸಂಡೆ, ಮಲ್ಲಿಗೆಯ ಬುಡಕ್ಕೆ ಹಾಕುವ ಆ ಮಣ್ಣಿನಲ್ಲಿ ಬೂದಿಯ ಜೊತೆ ಇದ್ದಿಲಿನ ಚೂರುಗಳೂ ಇರುತ್ತವೆ. ಆದರೆ ಅದರ ದಟ್ಟ ಹೊಗೆ ಒಳ್ಳೆಯದಲ್ಲ. ಈಗ ಅದಕ್ಕಿಂತ ಶುಚಿಯಾದ ದಾರಿಗಳಿವೆ.

ಮಾಡುವ ಬಗೆ

ಬಚ್ಚಲೊಲೆಯಲ್ಲಿ: ಉರಿ ಇಳಿದು ಕೆಂಡ ಕೆಂಪಗಿರುವಾಗಲೇ ಸಲಿಕೆಯಿಂದ ತಗಡಿನ ಡಬ್ಬಿಗೆ ಎಳೆದು ಬಿಗಿಯಾಗಿ ಮುಚ್ಚಿ. ಗಾಳಿ ಸಿಗದೆ ಕೆಂಡ ನಂದುತ್ತದೆ. ಪೂರ್ತಿ ಆರಿದ ಮೇಲೆ ನೀರು ಚಿಮುಕಿಸಿ ಚೀಲಕ್ಕೆ ತುಂಬಿ.

ಹೊಂಡದಲ್ಲಿ: ಬಾಯಿ ಒಂದೂವರೆ ಮೀಟರ್, ಆಳ ಮುಕ್ಕಾಲು ಮೀಟರ್ ಇರುವಂತೆ, ತಳಕ್ಕೆ ಕಿರಿದಾಗುತ್ತ ಹೋಗುವ ಹೊಂಡ ತೋಡಿ. ಚೆನ್ನಾಗಿ ಒಣಗಿದ ಕೊತ್ತಳಿಗೆ, ಗೆರಟೆ, ಸಿಪ್ಪೆಯನ್ನು ತೆಳುವಾಗಿ ಹರಡಿ ಉರಿ ಹಚ್ಚಿ. ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೇ ಮುಂದಿನ ಪದರ ಹಾಕಿ. ಮೇಲಿನ ಜ್ವಾಲೆಯೇ ಗಾಳಿಯ ಆಮ್ಲಜನಕವನ್ನು ಬಳಸಿಬಿಡುವುದರಿಂದ ಕೆಳಗಿನದು ಇದ್ದಿಲಾಗಿ ಉಳಿಯುತ್ತದೆ. ಹೊಗೆಯೂ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಹೊಂಡ ತುಂಬಿದ ಮೇಲೆ ಧಾರಾಳವಾಗಿ ನೀರು ಹಾಕಿ ನಂದಿಸಿ. ಕಾಡಂಚಿನ ಬೆಳ್ತಂಗಡಿಯ ಊರುಗಳಲ್ಲಿ ಬೇಸಗೆಯ ಗಾಳಿಗೆ ಈ ಕೆಲಸ ಬೇಡ.

ಬಳಸುವ ಬಗೆ

ಹಸಿ ಇದ್ದಿಲನ್ನು ನೇರ ಬುಡಕ್ಕೆ ಹಾಕಬಾರದು. ಅದು ಮೊದಲು ಮಣ್ಣಿನ ಸಾರವನ್ನೇ ಹೀರಿಕೊಳ್ಳುತ್ತದೆ. ಒದ್ದೆ ಮಾಡಿ, ಧೂಳೇಳದಂತೆ ಪುಡಿ ಮಾಡಿ ಹಟ್ಟಿಯಲ್ಲಿ ಹರಡಿ: ಗಂಜಲ ಹೀರಿಕೊಂಡು ವಾಸನೆ ತಗ್ಗಿಸುತ್ತದೆ. ಹಟ್ಟಿ ಇಲ್ಲದವರು ಗೋಬರ್ ಗ್ಯಾಸಿನ ಬಗ್ಗಡದಲ್ಲೋ ಅಡುಗೆಮನೆಯ ಕಾಂಪೋಸ್ಟಿನಲ್ಲೋ ಬೆರೆಸಿ ಕೆಲವು ವಾರ ಬಿಡಬಹುದು. ಬಳಿಕ ಅಡಿಕೆ ಮರದ ಸುತ್ತ ಮುಕ್ಕಾಲು ಮೀಟರ್ ದೂರದೊಳಗೆ, ಗೊಬ್ಬರದ ಜೊತೆಗೇ ಮಣ್ಣಿಗೆ ಸೇರಿಸಿ. ಪೇಟೆ ಮನೆಯವರು ತಾರಸಿಯ ಕುಂಡಗಳ ಮಣ್ಣಿಗೆ ಹತ್ತನೇ ಒಂದು ಪಾಲು ಬೆರೆಸಿದರೆ ಸಾಕು.

ಎಚ್ಚರಗಳೂ ಇವೆ. ಇದಕ್ಕಾಗಿ ಮರ ಕಡಿಯಬೇಡಿ. ಪ್ಲಾಸ್ಟಿಕ್ ಹಗ್ಗ, ಗೋಣಿಗಳು ಬೆಂಕಿಗೆ ಬೀಳದಿರಲಿ. ಸೋಗೆ, ತರಗೆಲೆಯಂಥ ಮೆತ್ತನೆಯವು ಬುಡದಲ್ಲೇ ಮುಚ್ಚಿಗೆಯಾಗಿ ಕೊಳೆಯಲಿ. ಎರೆಹುಳಕ್ಕೆ ಅದೇ ಊಟ. ಹೇಗಿದ್ದರೂ ಸುಟ್ಟು ಬೂದಿಯಾಗುತ್ತಿದ್ದುದನ್ನು ಮಾತ್ರ ಇದ್ದಿಲು ಮಾಡಿ. ಈ ಬಾರಿಯ ಚಾಲಿ ಸಿಪ್ಪೆಯಿಂದಲೇ ಶುರು ಮಾಡಬಹುದು: ಒಂದು ಸಾಲಿನ ಮರಗಳಿಗೆ ಹಾಕಿ, ಪಕ್ಕದ ಸಾಲನ್ನು ಹಾಗೇ ಬಿಟ್ಟು, ಎರಡು ಮಳೆಗಾಲ ಹೋಲಿಸಿ ನೋಡಿ. ಮಣ್ಣಿಗೆ ಸಿಗುವ ಲಾಭ ತೋಟದಿಂದ ತೋಟಕ್ಕೆ ಬೇರೆಯಾಗಬಹುದು. ಗಾಳಿಗೆ ಹೋಗದೆ ಉಳಿದ ಇಂಗಾಲವಂತೂ ಎಲ್ಲ ತೋಟದಲ್ಲೂ ಉಳಿತಾಯವೇ.