ಮಿದುಳಿನ ಪದದೊಳಗೊಂದು ಮಣಿ

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ, ಆಸ್ಪತ್ರೆಯಲ್ಲಿ ಎಲ್ಲರೂ ಇಇಜಿ ಎನ್ನುವ ಪರೀಕ್ಷೆಗೆ ವೈದ್ಯ ಪುಸ್ತಕಗಳಲ್ಲಿ ಉದ್ದನೆಯ ವಿಶೇಷಣವೊಂದಿದೆ: ಎಲೆಕ್ಟ್ರೋಎನ್ಸೆಫಲೋಗ್ರಾಫಿಕ್. ಉಚ್ಚಾರಾಂಶಗಳು 9: ಎ-ಲೆಕ್-ಟ್ರೋ-ಎನ್-ಸೆ-ಫ-ಲೋ-ಗ್ರಾ-ಫಿಕ್. ಬಿಡಿಸಿ ನೋಡಿದರೆ ಇದು ಸೊಗಸಾದ ಸಮಾಸ.

ಮೊದಲ ತುಂಡಿನ ಬೇರು ಗ್ರೀಕಿನ ಎಲೆಕ್ಟ್ರಾನ್. ಹಾಗೆಂದರೆ ಮರದ ಅಂಟು ಲಕ್ಷಾಂತರ ವರ್ಷ ಮಣ್ಣಿನಲ್ಲಿ ಹುದುಗಿ ಗಟ್ಟಿಯಾದ ಹಳದಿ ಮಣಿ, ಅಂಬರ್. ಉಣ್ಣೆಗೆ ಉಜ್ಜಿದರೆ ಅದು ಒಣಹುಲ್ಲಿನ ಎಳೆಯನ್ನು ಸೆಳೆಯುತ್ತದೆ. ಈ ಸೆಳೆತವನ್ನು ಹೆಸರಿಸಲು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಮಣಿಯ ಹೆಸರನ್ನೇ ಬಳಸಿದ. ವಿದ್ಯುತ್ತಿಗೆ ಇಂಗ್ಲಿಷಿನ ಹೆಸರು ಬಂದದ್ದು ಅಲ್ಲಿಂದ. ಸಂಸ್ಕೃತದಲ್ಲಿ ಇದೇ ಮಣಿ ‘ತೃಣಮಣಿ’, ಹುಲ್ಲನ್ನು ಸೆಳೆಯುವ ಮಣಿ. ಗುಣವೇ ಹೆಸರಾದ ಈ ಪದ ನನಗೆ ಇನ್ನೂ ಇಷ್ಟ.

ಮುಂದಿನದು ಸುಲಭ. ‘ಎನ್’ ಎಂದರೆ ಒಳಗೆ, ‘ಕೆಫಲೆ’ ಎಂದರೆ ತಲೆ, ತಲೆಯೊಳಗಿನದು ಮಿದುಳು. ‘ಗ್ರಾಫ್’ ಬರೆಯುವುದು, ‘ಇಕ್’ ಸಂಬಂಧಪಟ್ಟದ್ದು.

ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿ, 1929ರಲ್ಲಿ ಪ್ರಕಟಿಸಿದ. ದಾಖಲೆಗೆ ಅವನಿಟ್ಟ ಹೆಸರು ‘ಎಲೆಕ್ಟ್ರೆನ್‌ಕೆಫಲೋಗ್ರಾಮ್’. ಎರಡು ಸ್ವರ ಎದುರಾದಾಗ ‘ಓ’ ಬಿದ್ದುಹೋಯಿತು. ಮಾತು ಮತ್ತು ಇಲ್ಲ ಸೇರಿ ಮಾತಿಲ್ಲ ಆಗುವಂತೆ, ನಮ್ಮ ಲೋಪಸಂಧಿಯ ದಾರಿ! ಇಂಗ್ಲಿಷ್ ಆ ‘ಓ’ವನ್ನು ಉಳಿಸಿಕೊಂಡಿತು.

ಈ ಇಂಗ್ಲಿಷ್ ಪದವನ್ನು ನುಡಿಯುವಾಗ ನಮ್ಮ ನಾಲಿಗೆ ತಡವರಿಸುವುದು ಒತ್ತಿನಲ್ಲಿ. ಒತ್ತು ಎಂದರೆ ಇಲ್ಲಿ ಒತ್ತಕ್ಷರವಲ್ಲ, ಒಂದು ಉಚ್ಚಾರಾಂಶವನ್ನು ಉಳಿದವಕ್ಕಿಂತ ಗಟ್ಟಿಯಾಗಿ ನುಡಿಯುವುದು. ಕನ್ನಡದಲ್ಲಿ ಲಘು ಗುರುಗಳಿವೆ, ಆದರೆ ಒತ್ತು ಜಾಗ ಬದಲಿಸಿದರೆ ಪದ ಬೇರೆಯಾಗುವುದಿಲ್ಲ. ಇಂಗ್ಲಿಷಿನಲ್ಲಿ ಪ್ರತ್ಯಯ ಬದಲಾದಂತೆ ಒತ್ತು ಓಡಾಡುತ್ತದೆ. ಫೋಟೋಗ್ರಾಫ್ ಎನ್ನುವಾಗ ‘ಫೋ’ ಮೇಲೆ, ಫೊಟಾಗ್ರಫಿಯಲ್ಲಿ ‘ಟಾ’ ಮೇಲೆ, ಫೋಟೋಗ್ರಾಫಿಕ್‌ನಲ್ಲಿ ‘ಗ್ರಾ’ ಮೇಲೆ. ನಮ್ಮ ಪದದ್ದೂ ಇದೇ ನಡೆ: ಗ್ರಾಮ್ ಬಂದರೆ ‘ಸೆ’, ಗ್ರಫಿ ಬಂದರೆ ‘ಲಾ’, ಗ್ರಾಫಿಕ್ ಬಂದರೆ ‘ಗ್ರಾ’. ‘ಇಕ್’ ಸಾಮಾನ್ಯವಾಗಿ ತನ್ನ ಹಿಂದಿನ ಉಚ್ಚಾರಾಂಶಕ್ಕೇ ಒತ್ತನ್ನು ತರುತ್ತದೆ.

ಹಾಗಾಗಿ ಈ ಪದವನ್ನು ಬಾಲದಿಂದ ಕಲಿಯುವುದು ಒಳ್ಳೆಯದು. ಗ್ರಾಫಿಕ್, ಲೋಗ್ರಾಫಿಕ್, ಫಲೋಗ್ರಾಫಿಕ್, ಎನ್ಸೆಫಲೋಗ್ರಾಫಿಕ್ ಎನ್ನುತ್ತ ಮುಂದಕ್ಕೆ ಕಟ್ಟಿಕೊಂಡು ಬನ್ನಿ. ಮಣಿಯನ್ನು ಕೊನೆಗೆ ಪೋಣಿಸಿ.