ಮೂರು ಯುವಾನಿನ ನಗರದರ್ಶನ

ಪರದೇಶದ ಮಹಾನಗರವೊಂದನ್ನು ನೋಡಬೇಕೆಂದು ಹೊರಟವನಿಗೆ ಎರಡು ಮಾರ್ಗಗಳುಂಟು. ಪ್ರವಾಸದ ವ್ಯವಸ್ಥೆ ಮಾಡುವವರು ಒದಗಿಸಿದ ವಾಹನದಲ್ಲಿ ಕುಳಿತು, ಮಾರ್ಗದರ್ಶಕನು ಬೆರಳು ಮಾಡಿ ತೋರಿಸಿದ ಕಟ್ಟಡಗಳನ್ನು ಗಾಜಿನ ಕಿಟಕಿಯೊಳಗಿಂದ ನೋಡಿ, ಅವನು ಗೊತ್ತುಮಾಡಿದ ವೇಳೆಗೆ ಹೋಟೆಲಿಗೆ ಹಿಂದಿರುಗುವುದು ಒಂದು; ಆ ಊರಿನ ಗುಮಾಸ್ತರೂ ವಿದ್ಯಾರ್ಥಿಗಳೂ ತರಕಾರಿಯ ಚೀಲ ಹಿಡಿದ ಮುದುಕಿಯರೂ ಯಾವ ವಾಹನದಲ್ಲಿ ಓಡಾಡುವರೋ ಅದನ್ನೇ ಏರಿ, ಅವರು ತೆರುವ ದರವನ್ನೇ ತೆತ್ತು, ಅವರ ನಡುವೆ ನಿಂತು ಊರನ್ನು ಸುತ್ತುವುದು ಇನ್ನೊಂದು. ಮೊದಲನೆಯದರಲ್ಲಿ ಸುಖ ಹೆಚ್ಚು, ಎರಡನೆಯದರಲ್ಲಿ ತಿಳಿವಳಿಕೆ ಹೆಚ್ಚು ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಚೀನಾದ ಶಾಂಘೈ ನಗರದಲ್ಲಿ ಎರಡನೆಯ ಮಾರ್ಗವು ತಿಳಿವಳಿಕೆಯೊಂದಿಗೆ ಸುಖವನ್ನೂ ಕೊಡತಕ್ಕದ್ದಾಗಿದೆ. ಅಲ್ಲಿಯ ಲಿಪಿಯ ಒಂದಕ್ಷರವನ್ನೂ ಅರಿಯದವನು ಸಹ ಇಡೀ ದಿನ ಯಾರ ನೆರವೂ ಇಲ್ಲದೆ ಸಂಚರಿಸಬಲ್ಲನು. ಕಷ್ಟವೇನಿದ್ದರೂ ಹೊಸ್ತಿಲು ದಾಟುವವರೆಗೆ ಮಾತ್ರ, ಮತ್ತು ಆ ಹೊಸ್ತಿಲನ್ನು ದಾಟುವ ಸಿದ್ಧತೆಯನ್ನು ಮನೆಯಲ್ಲಿ ಕುಳಿತೇ ಮಾಡಿಕೊಳ್ಳಬಹುದು.

2020ರ ಜನಗಣತಿಯ ಪ್ರಕಾರ 2 ಕೋಟಿ 48 ಲಕ್ಷಕ್ಕೂ ಮಿಕ್ಕಿ ಜನ ವಾಸಿಸುವ ಈ ನಗರದ ನಡುವೆ ಹುವಾಂಗ್‌ಪು ನದಿ ಹರಿಯುತ್ತದೆ. ಪಶ್ಚಿಮದ ದಂಡೆಯಲ್ಲಿರುವುದು ಪುಶಿ ಎಂಬ ಹಳೆಯ ನಗರ. ಪೂರ್ವದ ದಂಡೆಯಲ್ಲಿರುವುದು ಪುದೊಂಗ್, 1990ರಿಂದೀಚೆಗೆ ಸರ್ಕಾರದ ಸಂಕಲ್ಪದಿಂದ ಗಗನಚುಂಬಿಗಳ ರೂಪದಲ್ಲಿ ಎದ್ದುನಿಂತ ಹೊಸ ನಗರ. ಈ ಎರಡು ದಂಡೆಗಳ ಚರಿತ್ರೆಯನ್ನು ಗ್ರಂಥಗಳಲ್ಲಿ ಓದುವಂತೆಯೇ ವಾಹನಗಳಲ್ಲಿಯೂ ಓದಬಹುದು. ಬ್ರಿಟಿಷ್ ಕಂಪನಿಯೊಂದು 1908ರಲ್ಲಿ ಇಲ್ಲಿ ಟ್ರಾಮು ಗಾಡಿಗಳನ್ನು ಓಡಿಸಿತು. ಹಳಿಯಿಲ್ಲದೆ, ತಲೆಯ ಮೇಲಣ ತಂತಿಯಿಂದ ವಿದ್ಯುತ್ತನ್ನು ಪಡೆದು ಓಡುವ ಟ್ರಾಲಿ ಬಸ್ಸು 1914ರಲ್ಲಿ ಬಂದಿತು. ಟ್ರಾಮುಗಳು 1975ರಲ್ಲಿ ಕಣ್ಮರೆಯಾದವು, ಟ್ರಾಲಿ ಬಸ್ಸು ಮಾತ್ರ ಉಳಿದುಕೊಂಡು, ಈಗಲೂ ನಡೆಯುತ್ತಿರುವ ಜಗತ್ತಿನ ಟ್ರಾಲಿ ಬಸ್ ವ್ಯವಸ್ಥೆಗಳಲ್ಲೆಲ್ಲ ಅತ್ಯಂತ ಪ್ರಾಚೀನವೆಂಬ ಕೀರ್ತಿಗೆ ಪಾತ್ರವಾಗಿದೆ. ಆ ಕಾಲದಲ್ಲಿ, ವಿದೇಶೀಯರ ಆಡಳಿತಕ್ಕೆ ಒಳಪಟ್ಟಿದ್ದ ಇದೇ ಬೀದಿಗಳ ಕೂಡುದಾರಿಗಳಲ್ಲಿ ನಿಂತು ವಾಹನಸಂಚಾರವನ್ನು ನಿಯಂತ್ರಿಸುತ್ತಿದ್ದವರಲ್ಲಿ ನಮ್ಮ ದೇಶದಿಂದ ಹೋದ ಪೇಟಧಾರಿಗಳಾದ ಸಿಖ್ ಪೊಲೀಸರೂ ಇದ್ದರೆಂಬುದನ್ನು ಭಾರತೀಯ ಯಾತ್ರಿಕನು ನೆನೆಯದಿರಲಾರನು.

ಈಗಿನ ಶಾಂಘೈಯ ಜೀವನಾಡಿಯೆಂದರೆ ನೆಲದಡಿಯ ಮೆಟ್ರೊ. ಬೀಜಿಂಗಿನಲ್ಲಿ ಮೆಟ್ರೊ ಆರಂಭವಾದುದು 1969ರಲ್ಲಿ; ಶಾಂಘೈಯ ನೆಲವು ನದಿಯು ತಂದು ಹಾಸಿದ ಮೆತುವಾದ, ನೀರುಂಡ ಮಣ್ಣಾಗಿದ್ದುದರಿಂದ ಸುರಂಗ ಕೊರೆಯುವುದು ಸುಲಭಸಾಧ್ಯವಾಗಿರಲಿಲ್ಲ; ಮೊದಲ ಮಾರ್ಗದ ಒಂದು ತುಂಡು ಜನರ ಬಳಕೆಗೆ ತೆರೆದಾಗ 1993 ಬಂದಿತ್ತು. ತಡವಾಗಿ ಹೊರಟುದು ವೇಗವಾಗಿ ಬೆಳೆಯಿತು. 2010ರಲ್ಲಿ ಅಲ್ಲಿ ನಡೆದ ವಿಶ್ವಮೇಳದ ನಿಮಿತ್ತವಾಗಿ ಹಲವು ಮಾರ್ಗಗಳು ಒಟ್ಟೊಟ್ಟಿಗೆ ಸಿದ್ಧವಾದವು. ಇಂದು ಈ ಜಾಲದ ಉದ್ದ 800 ಕಿಲೋಮೀಟರುಗಳನ್ನು ಮೀರಿದೆ, ನಿಲ್ದಾಣಗಳು ನಾನೂರಕ್ಕೂ ಮಿಕ್ಕಿವೆ, ಕೆಲವು ಮಾರ್ಗಗಳ ರೈಲುಗಳು ಚಾಲಕನ ಕೈಯಿಲ್ಲದೆ ತಾವೇ ಓಡುತ್ತವೆ. ಬೆಂಗಳೂರಿನವರಿಗೆ ಈ ರೈಲುಗಳು ಪೂರ್ಣ ಅಪರಿಚಿತವೆನಿಸಲಿಕ್ಕಿಲ್ಲ. 2025ರ ಆಗಸ್ಟಿನಲ್ಲಿ ಆರಂಭವಾದ ನಮ್ಮ ಮೆಟ್ರೊದ ಹಳದಿ ಮಾರ್ಗಕ್ಕೆ ಮೊದಲ ರೈಲನ್ನು ನಿರ್ಮಿಸಿ ಕಳುಹಿಸಿದುದು ಶಾಂಘೈಯ ನೆರೆಯ ಪ್ರಾಂತದಲ್ಲಿರುವ ನಾನ್‌ಜಿಂಗ್ ನಗರದ ಕಾರ್ಖಾನೆಯೇ.

ಇನ್ನು ಹೊಸ್ತಿಲಿನ ವಿಚಾರ. ಚೀನಾದ ನಗರಗಳಲ್ಲಿ ಹಣವೆಂಬುದು ಬಹುಮಟ್ಟಿಗೆ ಜೇಬಿನಿಂದ ಫೋನಿಗೆ ಸ್ಥಳಾಂತರಗೊಂಡಿದೆ. ನಮ್ಮ ಯುಪಿಐ ಅಲ್ಲಿ ನೆರವಿಗೆ ಬಾರದು; ಅಲ್ಲಿ ನಡೆಯುವುದು ಅಲಿಪೇ ಮತ್ತು ವೀಚ್ಯಾಟ್ ಎಂಬ ಎರಡು ಆ್ಯಪ್‌ಗಳು. 2023ರಿಂದೀಚೆಗೆ ವಿದೇಶೀಯರು ತಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಇವುಗಳಿಗೆ ಜೋಡಿಸಿ ಬಳಸುವ ಅನುಕೂಲ ಒದಗಿದೆ. ಭಾರತದ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ವಿದೇಶೀ ವ್ಯವಹಾರವು ಸಾಮಾನ್ಯವಾಗಿ ಮುಚ್ಚಿಯೇ ಇರುವುದರಿಂದ ಅದನ್ನು ಮೊದಲೇ ತೆರೆಸಿಕೊಂಡು, ಆ್ಯಪ್‌ನಲ್ಲಿ ಪಾಸ್‌ಪೋರ್ಟಿನ ವಿವರಗಳನ್ನು ನಮೂದಿಸಿ, ಗುರುತಿನ ದೃಢೀಕರಣವನ್ನು ಊರಿನಲ್ಲಿಯೇ ಮುಗಿಸಿಕೊಂಡು ಹೊರಡುವುದು ವಿವೇಕ. ಬ್ಯಾಂಕಿನವರು ಕಳುಹಿಸುವ ಒಂದು ಸಲದ ಗುಪ್ತಸಂಖ್ಯೆಯು ಪರದೇಶದಲ್ಲಿ ಕೈಗೆ ಬಾರದೆ ಹೋದರೆ ಉಳಿದೆಲ್ಲ ಸಿದ್ಧತೆಯೂ ವ್ಯರ್ಥವಾದೀತು. ಹೀಗೆ ಸಜ್ಜಾದವನು ಅಲಿಪೇಯ ಸಾರಿಗೆ ವಿಭಾಗದಲ್ಲಿ ಶಾಂಘೈ ನಗರವನ್ನು ಆರಿಸಿಕೊಂಡರೆ ಒಂದು ಕ್ಯೂಆರ್ ಚಿತ್ರವು ಮೂಡುತ್ತದೆ. ಒಳಹೋಗುವಾಗಲೂ ಹೊರಬರುವಾಗಲೂ ಅದನ್ನೇ ಗೇಟಿನ ಕಣ್ಣಿಗೆ ತೋರಿಸಿದರಾಯಿತು, ದರವನ್ನು ಯಂತ್ರವೇ ಲೆಕ್ಕಹಾಕಿ ಮುರಿದುಕೊಳ್ಳುತ್ತದೆ.

ಎರಡನೆಯ ತೊಡಕು ನಕ್ಷೆಯದು. ಗೂಗಲ್ ಅಲ್ಲಿ ನಿರ್ಬಂಧಿತವಾಗಿದೆ. ಊರಿನ ಸಿಮ್ಮನ್ನೇ ರೋಮಿಂಗಿನಲ್ಲಿ ಇಟ್ಟುಕೊಂಡರೆ ಅದು ತೆರೆಯುವುದುಂಟಾದರೂ, ಚೀನಾದ ಕಾನೂನು ನಕ್ಷೆಗಳಿಗೆ ಬೇರೆಯೇ ಒಂದು ನಿರ್ದೇಶಾಂಕ ಪದ್ಧತಿಯನ್ನು ವಿಧಿಸಿರುವುದರಿಂದ, ಗೂಗಲ್ ನಕ್ಷೆಯಲ್ಲಿ ನಾವು ನಿಂತ ಸ್ಥಾನವೂ ರಸ್ತೆಯೂ ಒಂದಕ್ಕೊಂದು ಹೊಂದದೆ ದಾರಿತಪ್ಪಿಸುತ್ತವೆ. ಆದುದರಿಂದ ಗಾವ್‌ದೆ ಎಂಬ ಅಲ್ಲಿಯದೇ ನಕ್ಷೆಯನ್ನಾಗಲಿ, ಆಪಲ್ ಫೋನಿನವರಾದರೆ ಅದರೊಳಗಿನ ನಕ್ಷೆಯನ್ನಾಗಲಿ ನಂಬುವುದು ಮೇಲು. ಟಿಕೆಟ್ಟು, ನಕ್ಷೆ, ಹಣದ ಚೀಲ ಎಲ್ಲವೂ ಒಂದೇ ಫೋನಿನಲ್ಲಿ ಅಡಗಿರುವಾಗ ಅದರ ಬ್ಯಾಟರಿ ಬರಿದಾಯಿತೆಂದರೆ ಯಾತ್ರಿಕನ ಗತಿ ಸರ್ವಥಾ ಕುಂಠಿತವಾಗುವುದಷ್ಟೆ. ಹೆಚ್ಚಿನ ಬ್ಯಾಟರಿಯೊಂದನ್ನೂ, ಚೀನೀ ಲಿಪಿಯಲ್ಲಿ ಬರೆಸಿದ ಹೋಟೆಲಿನ ವಿಳಾಸದ ಚೀಟಿಯನ್ನೂ, ಕೆಲವು ನೋಟು ನಾಣ್ಯಗಳನ್ನೂ ಜೊತೆಗೆ ಇಟ್ಟುಕೊಂಡಿರಬೇಕು. ಫೋನಿನ ಗೊಡವೆಯೇ ಬೇಡವೆನ್ನುವವರು ನಿಲ್ದಾಣದ ಸೇವಾಕೇಂದ್ರದಲ್ಲಿ ಸಾರಿಗೆ ಕಾರ್ಡನ್ನು ಕೊಂಡು ಹಣ ತುಂಬಿಸಿಕೊಳ್ಳಬಹುದು, ಅಥವಾ ಇಂಗ್ಲಿಷಿನಲ್ಲಿಯೂ ಮಾತಾಡುವ ಯಂತ್ರದಲ್ಲಿ ಆಯಾ ಪ್ರಯಾಣಕ್ಕೆ ಒಂದೊಂದು ಟಿಕೆಟ್ಟು ಪಡೆಯಬಹುದು.

ಇಷ್ಟಾದ ಮೇಲೆ ಪ್ರಯಾಣವೆಂಬುದು ಬಣ್ಣವನ್ನೂ ಅಂಕಿಯನ್ನೂ ಅನುಸರಿಸುವ ಕೆಲಸ ಮಾತ್ರ. ನಿಲ್ದಾಣದ ಬಾಗಿಲಲ್ಲಿ ಚೀಲವನ್ನು ಕ್ಷಕಿರಣ ಯಂತ್ರದ ಮೂಲಕ ಹಾಯಿಸಬೇಕು. ಇದು ಸ್ಥಳೀಯನೆಂದೂ ಪರಸ್ಥಳದವನೆಂದೂ ಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ನಿಯಮ. ಪ್ರತಿ ಮಾರ್ಗಕ್ಕೂ ಒಂದು ಸಂಖ್ಯೆ, ಒಂದು ಬಣ್ಣ. ನಿಲ್ದಾಣಗಳ ಹೆಸರು ರೋಮನ್ ಅಕ್ಷರಗಳಲ್ಲಿಯೂ ಇರುತ್ತದೆ. ಗಾಡಿಯೊಳಗೆ ಘೋಷಣೆಯನ್ನು ಇಂಗ್ಲಿಷಿನಲ್ಲಿಯೂ ಮಾಡುತ್ತಾರೆ. ಆರು ಕಿಲೋಮೀಟರುಗಳವರೆಗೆ ದರ 3 ಯುವಾನ್, ಅಂದರೆ ಸುಮಾರು ಮೂವತ್ತಾರು ರೂಪಾಯಿ. ಅಲ್ಲಿಂದ ಮುಂದೆ ಪ್ರತಿ ಹತ್ತು ಕಿಲೋಮೀಟರಿಗೆ ಒಂದು ಯುವಾನ್ ಹೆಚ್ಚುತ್ತದೆ. ಹೊಸಬರನ್ನು ಕಂಗೆಡಿಸುವುದು ರೈಲು ಹತ್ತುವ ಕೆಲಸವಲ್ಲ, ಇಳಿದ ಮೇಲೆ ಹೊರಬರುವ ಕೆಲಸ. ಒಂದನೆಯ, ಎರಡನೆಯ, ಎಂಟನೆಯ ಮಾರ್ಗಗಳು ಕೂಡುವ ಪೀಪಲ್ಸ್ ಸ್ಕ್ವೇರ್ ನಿಲ್ದಾಣಕ್ಕೆ ಎಷ್ಟೊಂದು ದ್ವಾರಗಳಿವೆಯೆಂದರೆ, ತಪ್ಪುದ್ವಾರದಿಂದ ಮೇಲೇರಿದವನು ತಾನು ಹೋಗಬೇಕಾದ ಕಟ್ಟಡವನ್ನು ವಿಶಾಲವಾದ ರಸ್ತೆಯ ಆಚೆಯಿಂದ ನೋಡುತ್ತ ನಿಲ್ಲಬೇಕಾದೀತು. ಸ್ಥಳದ ಹೆಸರಿನೊಂದಿಗೆ ದ್ವಾರದ ಸಂಖ್ಯೆಯನ್ನೂ ಗುರುತುಹಾಕಿಕೊಳ್ಳುವುದು ಅಲ್ಲಿಯವರದೇ ಅಭ್ಯಾಸ. ಭೇಟಿಯಾಗಲು ಸ್ನೇಹಿತರನ್ನು ಕರೆಯುವಾಗಲೂ ಅವರು ಇಂತಿಷ್ಟನೆಯ ದ್ವಾರವೆಂದೇ ಹೇಳುತ್ತಾರೆ.

ಯಾತ್ರಿಕನಿಗೆ ಅತ್ಯಂತ ಉಪಕಾರಿಯಾದುದು ಎರಡನೆಯ ಮಾರ್ಗ. ಅದು ಹೊಂಗ್‌ಚ್ಯಾವ್ ಮತ್ತು ಪುದೊಂಗ್ ಎಂಬ ಎರಡು ವಿಮಾನನಿಲ್ದಾಣಗಳನ್ನು ಜೋಡಿಸುತ್ತ, ನಡುವೆ ಜಿಂಗ್‌ಆನ್ ದೇವಾಲಯ, ಪೀಪಲ್ಸ್ ಸ್ಕ್ವೇರ್, ನಾನ್‌ಜಿಂಗ್ ಪೂರ್ವರಸ್ತೆಗಳನ್ನು ಹಾಯ್ದು, ನದಿಯ ಕೆಳಗೆ ನುಸುಳಿ ಗಗನಚುಂಬಿಗಳ ಲೂಜ್ಯಾಜುಯಿಯಲ್ಲಿ ತಲೆಯೆತ್ತುತ್ತದೆ. ನಾನ್‌ಜಿಂಗ್ ಪೂರ್ವರಸ್ತೆಯಲ್ಲಿ ಇಳಿದು ಹತ್ತು ಹದಿನೈದು ನಿಮಿಷ ನಡೆದರೆ, ವಿದೇಶೀ ಬ್ಯಾಂಕುಗಳೂ ವ್ಯಾಪಾರಸಂಸ್ಥೆಗಳೂ ಕಟ್ಟಿಸಿದ ಭವ್ಯ ಸೌಧಗಳ ಸಾಲಾದ ಬಂಡ್ ಎಂಬ ನದೀತೀರವು ಸಿಕ್ಕುತ್ತದೆ. ಹದಿನೇಳನೆಯ ಮಾರ್ಗವು ಕಾಲುವೆಗಳ ಪುರಾತನ ಗ್ರಾಮವಾದ ಜೂಜ್ಯಾಜ್ಯಾವ್‌ಗೆ ಒಯ್ಯುತ್ತದೆ. ಹನ್ನೊಂದನೆಯದರ ಸಾಹಸ ಇನ್ನೂ ದೊಡ್ಡದು. ಅದರ ಒಂದು ತುದಿ ಡಿಸ್ನಿಯ ವಿನೋದವನದಲ್ಲಿದ್ದರೆ ಇನ್ನೊಂದು ತುದಿ ನಗರದ ಗಡಿಯನ್ನೂ ದಾಟಿ ಜ್ಯಾಂಗ್ಸು ಪ್ರಾಂತಕ್ಕೆ ಚಾಚಿಕೊಂಡಿದೆ, ಮತ್ತು 2023ರಲ್ಲಿ ಸುಝೌ ನಗರದ ಮೆಟ್ರೊ ಅಲ್ಲಿಗೆ ಬಂದು ಕೂಡಿಕೊಂಡದ್ದರಿಂದ, ಬಿಡುವೂ ತಾಳ್ಮೆಯೂ ಉಳ್ಳವನು ಉದ್ಯಾನಗಳಿಗೆ ಹೆಸರಾದ ಆ ನಗರವನ್ನು ಬರಿಯ ಮೆಟ್ರೊದಿಂದಲೇ ತಲಪಬಹುದಾಗಿದೆ.

ಮೆಟ್ರೊ ಎಷ್ಟು ಸುಲಭವೋ ಬಸ್ಸು ಅಷ್ಟು ಸುಲಭವಲ್ಲ. ನಿಲುಗಡೆಯ ಫಲಕಗಳಲ್ಲಿ ಚೀನೀ ಲಿಪಿಯದೇ ಪ್ರಾಬಲ್ಯ, ಓದಲಾಗುವುದು ಬಸ್ಸಿನ ಸಂಖ್ಯೆ ಮಾತ್ರ. ಆದರೂ ನಕ್ಷೆಯು ಯಾವ ಸಂಖ್ಯೆಯ ಬಸ್ಸು, ಎಷ್ಟನೆಯ ನಿಲುಗಡೆ ಎಂಬುದನ್ನು ತಿಳಿಸುವುದರಿಂದ ಧೈರ್ಯ ಮಾಡಬಹುದು. ನಗರದೊಳಗಿನ ಬಹುತೇಕ ಬಸ್ಸುಗಳಿಗೆ ದೂರವೆಷ್ಟಾದರೂ ದರ 2 ಯುವಾನ್. ನಾಣ್ಯ ಹಾಕುವವನಿಗೆ ಚಿಲ್ಲರೆ ಹಿಂದಿರುಗಿಸುವವರಿಲ್ಲ. ಹತ್ತುವುದು ಮುಂದಿನ ಬಾಗಿಲಿನಿಂದ, ಇಳಿಯುವುದು ಹಿಂದಿನದರಿಂದ. ನಮ್ಮವರು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕ ಮಾತೊಂದುಂಟು. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಚಲಿಸುತ್ತವೆ. ಎಡಗಡೆಯ ಸಂಚಾರದಲ್ಲಿ ಬೆಳೆದ ನಾವು ಅಭ್ಯಾಸಬಲದಿಂದ ಎದುರುಬದಿಯ ನಿಲುಗಡೆಯಲ್ಲಿ ನಿಂತು ವಿರುದ್ಧ ದಿಕ್ಕಿನ ಬಸ್ಸನ್ನು ಏರುವುದೂ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕಾದಲ್ಲಿ ಬಲಕ್ಕೆ ನೋಡುವುದೂ ಸಹಜ. ಸದ್ದಿಲ್ಲದೆ ಬರುವ ವಿದ್ಯುತ್ ಸ್ಕೂಟರುಗಳ ಆ ಊರಿನಲ್ಲಿ ಎರಡನೆಯದು ಅಪಾಯಕರ. ದಿಕ್ಕನ್ನು ಅರಿಯಲು ಹಳೆಯ ನಗರದ ಬೀದಿಗಳೇ ಒಂದು ಉಪಾಯವನ್ನು ಒದಗಿಸಿವೆ: ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ ಏರ್ಪಾಡಿನಂತೆ, ಪ್ರಾಂತಗಳ ಹೆಸರುಳ್ಳ ಬೀದಿಗಳು ಬಹುಮಟ್ಟಿಗೆ ಉತ್ತರ ದಕ್ಷಿಣವಾಗಿಯೂ, ನಗರಗಳ ಹೆಸರುಳ್ಳವು ಪೂರ್ವ ಪಶ್ಚಿಮವಾಗಿಯೂ ಸಾಗುತ್ತವೆ. ಸಿಚುವಾನ್ ರಸ್ತೆಯೂ ನಾನ್‌ಜಿಂಗ್ ರಸ್ತೆಯೂ ಕೂಡುವೆಡೆಯಲ್ಲಿ ನಿಂತವನಿಗೆ ದಿಕ್ಸೂಚಿ ಬೇಕಾಗದು.

ಇತ್ತ ಇವೆಲ್ಲಕ್ಕಿಂತ ಹಳೆಯದಾದ ದೋಣಿಯಿದೆ. ಸೇತುವೆಗಳೂ ಸುರಂಗಗಳೂ ಆಗುವ ಮೊದಲು ಎರಡು ದಂಡೆಗಳ ಜನರಿಗೆ ಇದ್ದ ಸಂಬಂಧವೆಲ್ಲ ದೋಣಿಯದೇ. ಇಂದಿಗೂ 2 ಯುವಾನ್ ತೆತ್ತರೆ ಸಾರ್ವಜನಿಕ ದೋಣಿಯು ಕೆಲವೇ ನಿಮಿಷಗಳಲ್ಲಿ ಆಚೆಯ ದಂಡೆಗೆ ಮುಟ್ಟಿಸುತ್ತದೆ. ಪ್ರವಾಸಿಗಳಿಗಾಗಿಯೇ ಓಡುವ ವಿಹಾರನೌಕೆಗಳು ಅದರ ಹತ್ತಾರು ಪಟ್ಟು ಹಣ ಪಡೆದು ತೋರಿಸುವ ನೋಟ, ಹಿಂದೆ ಬಂಡ್‌ನ ಶಿಲಾಸೌಧಗಳು, ಮುಂದೆ ಪುದೊಂಗಿನ ಗೋಪುರಗಳು, ಇಲ್ಲಿಯೂ ಅದೇ. ಬೆಲೆಯ ಇನ್ನೊಂದು ಕೊನೆಯಲ್ಲಿರುವುದು ಅಯಸ್ಕಾಂತದ ಬಲದಿಂದ ಹಳಿಯನ್ನು ಮುಟ್ಟದೆ ತೇಲಿಕೊಂಡು ಓಡುವ ಮ್ಯಾಗ್‌ಲೆವ್ ರೈಲು. ಜರ್ಮನಿಯ ತಂತ್ರವಿದ್ಯೆಯಿಂದ ನಿರ್ಮಿತವಾಗಿ 2002ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡ ಇದು, ಪುದೊಂಗ್ ವಿಮಾನನಿಲ್ದಾಣದಿಂದ ಲೊಂಗ್‌ಯಾಂಗ್ ರಸ್ತೆಯವರೆಗಿನ 30 ಕಿಲೋಮೀಟರುಗಳನ್ನು ಗಂಟೆಗೆ ಗರಿಷ್ಠ 431 ಕಿಲೋಮೀಟರ್ ವೇಗದಲ್ಲಿ ಕ್ರಮಿಸುತ್ತಿತ್ತು. ಈಚೆಗೆ ಆ ವೇಗವನ್ನು 300ಕ್ಕೆ ಇಳಿಸಿದ್ದಾರೆ. ದರ 50 ಯುವಾನ್. ಆದರೆ ಅದು ನಗರದ ಹೃದಯಕ್ಕೆ ಹೋಗದೆ ಅಂಚಿನಲ್ಲಿಯೇ ನಿಲ್ಲುವುದರಿಂದ ಅಲ್ಲಿ ಇಳಿದು ಮೆಟ್ರೊ ಹಿಡಿಯಲೇಬೇಕು. ವಿಜ್ಞಾನದ ವಿಸ್ಮಯವೆಂದು ಒಮ್ಮೆ ಅನುಭವಿಸತಕ್ಕದ್ದೇ ಹೊರತು ನಿತ್ಯದ ಉಪಯೋಗಕ್ಕಲ್ಲ. ಆತುರವಿಲ್ಲದವನನ್ನು ಎರಡನೆಯ ಮಾರ್ಗವು ಒಂದು ಗಂಟೆಗೆ ತುಸು ಹೆಚ್ಚಿನ ಕಾಲದಲ್ಲಿ, ಏಳೆಂಟು ಯುವಾನಿಗೆ ನಗರಮಧ್ಯಕ್ಕೆ ತಲಪಿಸುತ್ತದೆ.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಬೆಳಗಿನ ಎಂಟು ಗಂಟೆಯ ಸುಮಾರಿಗೂ ಸಂಜೆ ಆರರ ಸುಮಾರಿಗೂ ಜನಸಂದಣಿ ಅಪಾರವಾಗಿರುವುದರಿಂದ ಪೆಟ್ಟಿಗೆ ಗಂಟುಗಳೊಡನೆ ಆಗ ಒಳಹೋಗುವುದು ತನಗೂ ಪರರಿಗೂ ಹಿಂಸೆ. ರಾತ್ರಿ ಹತ್ತೂವರೆಯಿಂದ ಹನ್ನೊಂದರ ನಡುವೆ ಹಲವು ಮಾರ್ಗಗಳ ಕಡೆಯ ರೈಲು ಹೊರಟುಬಿಡುತ್ತದೆ. ಶುಕ್ರವಾರ ಶನಿವಾರಗಳಲ್ಲಿ ಮಾತ್ರ ನಗರಮಧ್ಯದ ಕೆಲವು ಮಾರ್ಗಗಳು ಇನ್ನಷ್ಟು ಹೊತ್ತು ನಡೆಯುತ್ತವೆ. ಗಾಡಿಯೊಳಗೆ ತಿನ್ನುವುದೂ, ಫೋನಿನ ಸದ್ದನ್ನು ಎಲ್ಲರಿಗೂ ಕೇಳಿಸುವುದೂ ನಿಷಿದ್ಧ.

ಈ ಮಾತುಗಳನ್ನೆಲ್ಲ ಒಂದು ದಿನದ ಕಾರ್ಯಕ್ರಮವಾಗಿ ಹೀಗೆ ಹೆಣೆಯಬಹುದು. ಜಿಂಗ್‌ಆನ್ ದೇವಾಲಯದ ಸಮೀಪದಲ್ಲಿ ತಂಗಿದವನು ಬೆಳಗಿನ ಸಂದಣಿ ತಗ್ಗಿದ ಬಳಿಕ ಹದಿನಾಲ್ಕನೆಯ ಮಾರ್ಗದಲ್ಲಿ 3 ಯುವಾನಿಗೆ ಯುಯುವಾನ್ ಉದ್ಯಾನಕ್ಕೆ ಹೋಗಲಿ. ಮಿಂಗ್ ಕಾಲದ ಆ ಉದ್ಯಾನವನ್ನು ಸಾವಕಾಶವಾಗಿ ನೋಡಿಕೊಂಡು ನದೀತೀರಕ್ಕೆ ನಡೆದು, ಬಂಡ್‌ನ ದಕ್ಷಿಣಕ್ಕಿರುವ ಕಟ್ಟೆಯಿಂದ 2 ಯುವಾನಿಗೆ ದೋಣಿಯಲ್ಲಿ ಆಚೆಗೆ ಸಾಗಲಿ. ಲೂಜ್ಯಾಜುಯಿಯ ಗೋಪುರಗಳ ಬುಡದಲ್ಲಿ ಅಡ್ಡಾಡಿ, ಎರಡನೆಯ ಮಾರ್ಗದಲ್ಲಿ 3 ಯುವಾನಿಗೆ ನಾನ್‌ಜಿಂಗ್ ಪೂರ್ವರಸ್ತೆಗೆ ಮರಳಿ, ಕತ್ತಲಾದ ಮೇಲೆ 20ನೆಯ ಸಂಖ್ಯೆಯ ಟ್ರಾಲಿ ಬಸ್ಸನ್ನೇರಿ 2 ಯುವಾನಿಗೆ ಹೋಟೆಲಿನ ಬಳಿಗೆ ಹಿಂದಿರುಗಲಿ. ಇಷ್ಟರಲ್ಲಿ ಅವನು ದೋಣಿಯ ಕಾಲದಿಂದ ಹಿಡಿದು ಚಾಲಕನಿಲ್ಲದ ರೈಲಿನ ಕಾಲದವರೆಗೆ ಆ ನಗರದ ಚರಿತ್ರೆಯಲ್ಲಿ ಹೋಗಿಬಂದಂತಾಯಿತು. ಒಟ್ಟು ವೆಚ್ಚ 10 ಯುವಾನ್, ನಮ್ಮ ಲೆಕ್ಕದಲ್ಲಿ ನೂರಿಪ್ಪತ್ತು ರೂಪಾಯಿಗಳ ಆಸುಪಾಸು. ಮೆಟ್ರೊದವರು ಯಾತ್ರಿಕರಿಗೆಂದು 18 ಯುವಾನಿಗೆ ಒಂದು ದಿನದ ಪಾಸನ್ನೂ ಮಾರುತ್ತಾರೆ. ಊರನ್ನು ಹೀಗೆ ನಿಧಾನವಾಗಿ ನೋಡುವವನಿಗೆ ಅದನ್ನು ಕೊಂಡರೆ ನಷ್ಟವೇ.