ನಿಮಗಿದು ಗೊತ್ತೆ? ಮೀಟರಿನ ಮಿಣುಕಿಗೂ ಲೆಕ್ಕವಿದೆ

ಮನೆಯ ವಿದ್ಯುತ್ ಮೀಟರಿನಲ್ಲಿ ಪುಟ್ಟ ಕೆಂಪು ದೀಪವೊಂದು ಮಿಣುಕುತ್ತಿರುತ್ತದಲ್ಲ, ಅದು ಅಲಂಕಾರಕ್ಕಲ್ಲ. ಮೀಟರಿನ ಮೇಲೆ ಯೂನಿಟ್‌ಗೆ 3200 ಎಂದು ಬರೆದಿದ್ದರೆ, ಅಷ್ಟು ಸಲ ಮಿಣುಕಿದಾಗ ಒಂದು ಯೂನಿಟ್ ಖರ್ಚಾಯಿತೆಂದು ಅರ್ಥ. 2000 ವಾಟ್‌ನ ಗೀಸರ್ ಒಂದೇ ಓಡುತ್ತಿದ್ದರೆ 9 ಸೆಕೆಂಡಿಗೆ 16 ಮಿಣುಕು. ಗಡಿಯಾರ ಹಿಡಿದು ನೀವೇ ಎಣಿಸಿ ನೋಡಬಹುದು.

ಇಂಥ ಮಿಣುಕನ್ನು, ಅಂದರೆ ಪಲ್ಸ್ ಅನ್ನು, ಎಣಿಸುವ ಸರ್ಕ್ಯೂಟೇ ಕೌಂಟರ್. ಕಾರ್ಖಾನೆ, ಪ್ರಯೋಗಾಲಯಗಳ ದತ್ತಾಂಶ ಸಂಗ್ರಹ ಕಾರ್ಡುಗಳಲ್ಲೂ ಇದು ಸಾಮಾನ್ಯ. ಬರೀ ಎಣಿಕೆ ಸುಲಭ; ಪಲ್ಸ್ ಬರುವ ವೇಗ ಅಳೆಯುವುದರಲ್ಲಿದೆ ತಕರಾರು. ಒಂದು ಸೆಕೆಂಡಿನ ಕಿಟಕಿ ತೆರೆದು ಎಣಿಸಿದರೆ ಅಂಚಿನಲ್ಲಿ ಒಂದು ಪಲ್ಸ್ ಹೆಚ್ಚುಕಮ್ಮಿ ಆಗಬಹುದು. ಹತ್ತು ಲಕ್ಷದಲ್ಲಿ ಒಂದು ತಪ್ಪಿದರೆ ಯಾರು ಕೇಳುತ್ತಾರೆ? ಬರುವುದೇ 10 ಆದರೆ ತಪ್ಪು ಶೇ 10! ಆಗ ಆಟವನ್ನೇ ತಿರುಗಿಸುತ್ತಾರೆ: ಒಂದು ಪಲ್ಸ್‌ನಿಂದ ಇನ್ನೊಂದು ಬರುವುದರೊಳಗೆ ಕಾರ್ಡಿನ ಒಳಗಿನ ಚುರುಕು ಗಡಿಯಾರ ಎಷ್ಟು ಸಲ ಬಡಿಯಿತೆಂದು ಎಣಿಸುತ್ತಾರೆ.

ಕೌಂಟರಿಗೂ ಮಿತಿಯಿದೆ. 32 ಬಿಟ್‌ನದ್ದು 429 ಕೋಟಿ ಚಿಲ್ಲರೆ ಮುಟ್ಟಿದ ಮೇಲೆ ಮತ್ತೆ ಸೊನ್ನೆ. 80 ಮೆಗಾಹರ್ಟ್ಸ್ ಗಡಿಯಾರವಾದರೆ ಅಷ್ಟಕ್ಕೆ 54 ಸೆಕೆಂಡು ಸಾಕು.

ಅಂದಹಾಗೆ, ಹಿಂದೆ ಭೌತವಿಜ್ಞಾನಿ ರುದರ್‌ಫೋರ್ಡ್ ಬಳಗದವರು ಆಲ್ಫಾ ಕಣಗಳ ಮಿಂಚನ್ನು ಕತ್ತಲ ಕೋಣೆಯಲ್ಲಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತಾವೇ ಎಣಿಸುತ್ತಿದ್ದರು. 1930ರ ದಶಕದ ಆರಂಭದಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಭೌತವಿಜ್ಞಾನಿ ವಿನ್-ವಿಲಿಯಮ್ಸ್ ಥೈರಟ್ರಾನ್ ಎಂಬ ಎಲೆಕ್ಟ್ರಾನಿಕ್ ಕೊಳವೆಗಳನ್ನು ಜೋಡಿಸಿ ಎರಡರ ಲೆಕ್ಕದಲ್ಲಿ ಎಣಿಸುವ ಕೌಂಟರ್ ಕಟ್ಟಿದರು. ಕಣ್ಣುಗಳಿಗೆ ಬಿಡುವು ಸಿಕ್ಕಿತು.